ಶಿರಸ್ತ್ರಾಣ ಕೊಳ್ಳುವಾಗ

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಸ್ಕೂಟರು ಇಲ್ಲದ ಮನೆ ವಿರಳ. 2019ರ ಜನವರಿ 1ರಿಂದ ಇಲ್ಲಿನ ಪೊಲೀಸರು ಶಿರಸ್ತ್ರಾಣದ, ಅಂದರೆ ರೂಢಿಯ ಮಾತಿನ ಹೆಲ್ಮೆಟ್ಟಿನ, ನಿಯಮವನ್ನು ಬಿಗಿಗೊಳಿಸಿದಾಗ ನಗರದಲ್ಲೆದ್ದ ಪ್ರತಿಭಟನೆ ವಾಚಕರಿಗೆ ನೆನಪಿರಬಹುದು. ಗೊಣಗಿದವರಲ್ಲಿ ನಾನೂ ಒಬ್ಬ. ಕೊನೆಗೆ ದಂಡಕ್ಕೆ ಹೆದರಿ ಒಂದನ್ನು ಕೊಂಡೆ; ಒಂದನ್ನು ಮಾತ್ರ.

ಮರುವಾರ ಸಂಘದ ಕಾರ್ಯಕ್ರಮಕ್ಕೆ ಹೊರಟಾಗ ನನ್ನ ಮಡದಿ, "ಏನ್ರೀ, ಈ ಗಾಡಿಯಲ್ಲಿ ನಿಮಗೊಬ್ಬರಿಗೇ ತಲೆ ಇರೋದಾ?" ಎಂದಳು. ಸಾಲಪತ್ರದಲ್ಲಿ ಜಾಮೀನುದಾರನ ಸಹಿ ತಪ್ಪಿದ್ದರೆ ಕ್ಷಣಾರ್ಧದಲ್ಲಿ ಗುರುತಿಸುವ ನನಗೆ ಈ ಲೋಪ ಕಂಡಿರಲಿಲ್ಲ. ಅಂದು ರಿಕ್ಷಾದಲ್ಲಿ ಹೋದೆವು.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಶಿರಸ್ತ್ರಾಣ ಧರಿಸದೆ ಅಪಘಾತದಲ್ಲಿ ಮೃತರಾದವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು! ಕಾನೂನು ಇಂಥ ಭೇದವನ್ನೆಣಿಸಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣದಂತೆ, ಪೇಟ ಧರಿಸಿದ ಸಿಖ್ಖರ ಹೊರತು, ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಇದು ಕಡ್ಡಾಯ. 2019ರ ತಿದ್ದುಪಡಿಯು ತಪ್ಪಿದವರಿಗೆ ಒಂದು ಸಾವಿರ ರೂಪಾಯಿ ದಂಡವನ್ನೂ ಮೂರು ತಿಂಗಳ ಲೈಸೆನ್ಸ್ ಅನರ್ಹತೆಯನ್ನೂ ವಿಧಿಸಿದೆ.

ನಾವು ಹೊರಗಿನ ಹೊಳಪನ್ನು ನೋಡಿ ಕೊಳ್ಳುತ್ತೇವೆ. ಆದರೆ ಮುಖ್ಯ ಕೆಲಸ ಒಳಗಿನ ಥರ್ಮೋಕೋಲಿನ ದಪ್ಪ ಪದರದ್ದು. ತಲೆ ನೆಲಕ್ಕೆ ಅಪ್ಪಳಿಸಿದಾಗ ಆ ಪದರ ತಾನು ಜಜ್ಜಿಹೋಗಿ, ತಲೆಯ ವೇಗ ನಿಲ್ಲುವ ಅವಧಿಯನ್ನು ಕಣ್ಣೆವೆಯಿಕ್ಕುವುದಕ್ಕಿಂತಲೂ ಕಡಿಮೆ ಹೊತ್ತು ಹಿಗ್ಗಿಸುತ್ತದೆ. ಮೆದುಳಿಗೆ ಬೀಳುವ ಪೆಟ್ಟು ತಗ್ಗಲು ಅಷ್ಟೇ ಸಾಕು. ಒಮ್ಮೆ ಕುಗ್ಗಿದ ಪದರ ಮತ್ತೆ ಉಬ್ಬದು. ಆದ್ದರಿಂದ ಜೋರು ಪೆಟ್ಟು ತಿಂದ ಶಿರಸ್ತ್ರಾಣ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬಿಸಾಡಬೇಕು. ಇತರ ಸಾಮಾನುಗಳಿಗೆ ವರ್ಷಾವಧಿ ಸವಕಳಿ ಹಾಕುತ್ತೇವೆ. ಇದರ ಸಂಪೂರ್ಣ ಬೆಲೆ ಒಂದೇ ಏಟಿಗೆ ಲೆಕ್ಕದಿಂದ ಹೊರಹೋಗುತ್ತದೆ. ಪೂರ್ವೇತಿಹಾಸ ತಿಳಿಯದ ಹಳೆಯ ಶಿರಸ್ತ್ರಾಣವನ್ನು ಅಗ್ಗವೆಂದು ಕೊಳ್ಳುವುದು ಇದೇ ಕಾರಣಕ್ಕೆ ಸಲ್ಲದು.

ಐಎಸ್‌ಐ ಮುದ್ರೆಯೂ ಐಎಸ್ 4151 ಎಂಬ ಸಂಖ್ಯೆಯೂ ಇರಲೇಬೇಕು. 2021ರ ಜೂನ್ 1ರಿಂದ ಮುದ್ರೆಯಿಲ್ಲದವುಗಳ ಮಾರಾಟವೇ ನಿಷಿದ್ಧ. ಮುದ್ರೆಯೂ ನಕಲಿಯಾಗಬಹುದೆಂಬ ಸಂಶಯವಿದ್ದರೆ (ಬ್ಯಾಂಕಿನವರಿಗೆ ಇದು ಹುಟ್ಟುಗುಣ) ಅದರೊಡನೆ ಅಚ್ಚಾಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಅಳತೆಯನ್ನು ಹುಬ್ಬಿನ ಮೇಲ್ಭಾಗದಲ್ಲಿ ಟೇಪು ಸುತ್ತಿ ತೆಗೆಯಬೇಕು. ತೊಟ್ಟು ತಲೆಯಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಜಗ್ಗಬೇಕು. ಪಟ್ಟಿ ಬಿಗಿದ ಮೇಲೆ ಹಿಂಬದಿಯಿಂದ ಮುಂದಕ್ಕೆಳೆದರೆ ಕಳಚಿಬರಕೂಡದು. ಪಟ್ಟಿ ಬಿಗಿಯದಿದ್ದರೆ ತಲೆ ನೆಲ ಮುಟ್ಟುವ ಮೊದಲೇ ಶಿರಸ್ತ್ರಾಣ ರಸ್ತೆಗುರುಳಿರುತ್ತದೆ.

ಮುಂದಿನ ಭಾನುವಾರ ಇಬ್ಬರೂ ಅಂಗಡಿಗೆ ಹೋದೆವು. ಅವಳ ಅಳತೆ ನನ್ನದಕ್ಕಿಂತ ಎರಡು ಸೆಂಟಿಮೀಟರು ಕಡಿಮೆ. ನನ್ನದು ಅವಳಿಗೆ ಆಗುತ್ತಿರಲಿಲ್ಲ. ತುರುಬಿನ ಮೇಲೆ ಯಾವುದೂ ಸರಿಯಾಗಿ ಕೂರಲಿಲ್ಲ. ಜಡೆ ಹೆಣೆದು ಬೆನ್ನಿಗೆ ಬಿಟ್ಟಾಗ ಕೂತಿತು. ಈಗ ಸಂಘದ ಸಮಾರಂಭಗಳಿಗೆ ಮಲ್ಲಿಗೆಯ ದಂಡೆ ಕೈಚೀಲದಲ್ಲಿ ಬರುತ್ತದೆ, ಸಭಾಂಗಣ ತಲುಪಿದ ಮೇಲೆ ಮುಡಿ ಸೇರುತ್ತದೆ.