ಈ ಕೆಲಸವನ್ನೇ ಏಕೆ ಆರಿಸಿಕೊಂಡಿರಿ? – ಸಂದರ್ಶನದ ಒಂದು ಪ್ರಶ್ನೆಯ ಒಳಹೊರಗು

ಸಣ್ಣ ಉದ್ದಿಮೆಯೊಂದರಲ್ಲಿ ನೇಮಕಾತಿಯ ಸಂದರ್ಶನವೆಂದರೆ ಹತ್ತು ಹದಿನೈದು ನಿಮಿಷಗಳ ಮಾತುಕತೆ. ಊರು ಯಾವುದು, ಓದಿದ್ದು ಎಷ್ಟು, ಪರಿಚಯದವರು ಯಾರು, ಸಂಬಳದ ನಿರೀಕ್ಷೆ ಎಷ್ಟು ಎಂಬ ನಾಲ್ಕು ಪ್ರಶ್ನೆಗಳಲ್ಲಿ ಅದು ಮುಗಿಯುವುದು ವಾಡಿಕೆ. ಇವುಗಳ ನಡುವೆ "ಈ ಕೆಲಸವನ್ನೇ ಏಕೆ ಆರಿಸಿಕೊಂಡಿರಿ?" ಎಂಬ ಪ್ರಶ್ನೆಯೂ ಬರುತ್ತದೆ. ಕೇಳುವವರಿಗೆ ಅದೊಂದು ರೂಢಿ. ಉತ್ತರಿಸುವವರಿಗೆ ಅದೊಂದು ಬಾಯಿಪಾಠ. ಆದರೆ ಆ ಹತ್ತು ನಿಮಿಷಗಳಲ್ಲಿ ಅತ್ಯಂತ ಉಪಯುಕ್ತವಾಗಬಲ್ಲ ಪ್ರಶ್ನೆ ಇದೊಂದೇ ಎಂಬುದನ್ನು ಮಾಲೀಕರು ಗಮನಿಸಬೇಕಾಗಿದೆ.

ಎಂಟು ಜನ ದುಡಿಯುವ ಘಟಕದಲ್ಲಿ ಒಬ್ಬರು ಬಿಟ್ಟುಹೋದರೆ ಎಂಟರಲ್ಲಿ ಒಂದು ಪಾಲು ಬಲ ಕುಂದಿದಂತೆ. ತಿಂಗಳಿಗೆ 15,000 ರೂಪಾಯಿ ಸಂಬಳದ ಒಬ್ಬ ನೌಕರ ಕೆಲಸ ಕಲಿಯಲು ಮೂರು ತಿಂಗಳು ತೆಗೆದುಕೊಂಡು, ಐದನೆಯ ತಿಂಗಳಲ್ಲಿ ಹೊರಟನೆಂದು ಇಟ್ಟುಕೊಂಡರೆ, ಮಾಲೀಕನು ಕಲಿಕೆಯ ಅವಧಿಗೆ ತೆತ್ತ 45,000 ರೂಪಾಯಿಗೆ ಪ್ರತಿಯಾಗಿ ದೊರೆತದ್ದು ಎರಡು ತಿಂಗಳ ಪೂರ್ಣ ದುಡಿಮೆ ಮಾತ್ರ. ಕಲಿಸಿದ ಹಿರಿಯ ಕೆಲಸಗಾರನ ಸಮಯ, ಕೆಟ್ಟುಹೋದ ಮಾಲು, ತಪ್ಪಿದ ಗಿರಾಕಿ ಇವು ಲೆಕ್ಕದ ಪುಸ್ತಕಕ್ಕೆ ಸೇರುವುದೇ ಇಲ್ಲ. ಇಂತಹ ನಷ್ಟದ ಬೀಜ ಬಹುಮಟ್ಟಿಗೆ ಸಂದರ್ಶನದಲ್ಲೇ ಬಿತ್ತಲ್ಪಟ್ಟಿರುತ್ತದೆ.

ಬಿಟ್ಟುಹೋಗುವ ನಾಡಿನ ಹಿನ್ನೆಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಒಂದು ತೂಕವಿದೆ. ತಲೆಮಾರುಗಳಿಂದ ಇಲ್ಲಿಯ ತರುಣರು ದುಡಿಮೆಗಾಗಿ ಹೊರಗೆ ಹೋದವರು. ಮುಂಬಯಿ, ಬೆಂಗಳೂರುಗಳ ಹೋಟೆಲುಗಳು, ಅನಂತರ ಕೊಲ್ಲಿ ರಾಷ್ಟ್ರಗಳು ಅವರನ್ನು ಸೆಳೆದವು. ಓದಿದವರಿಗೆ ಬ್ಯಾಂಕು ಇತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹೀಗೆ ಅವಿಭಜಿತ ದಕ್ಷಿಣ ಕನ್ನಡವು ಹಲವು ಬ್ಯಾಂಕುಗಳ ತವರಾಯಿತು. ಬ್ಯಾಂಕಿನ ನೌಕರಿ ದೊರೆತರೆ "ಏಕೆ ಆರಿಸಿಕೊಂಡೆ?" ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಡನೆಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಡನೆಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಡನೆಯೂ ವಿಲೀನಗೊಂಡವು. ಆ ಹೆಸರುಗಳು ಇಂದು ಫಲಕಗಳ ಮೇಲಿಲ್ಲ. ಅವು ರೂಪಿಸಿದ ಮನೋಧರ್ಮ ಮಾತ್ರ ಉಳಿದಿದೆ.

ವಿದ್ಯೆಯ ಕೊರತೆ ಈ ಭಾಗದಲ್ಲಿಲ್ಲ. 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇಕಡಾ 93.90 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಮೊದಲ ಸ್ಥಾನ ಪಡೆಯಿತು. ಚೆನ್ನಾಗಿ ಓದಿದವರು ಹೊರಗೆ ಹೋಗುತ್ತಾರೆ ಎಂಬ ರೂಢಿಯ ಇನ್ನೊಂದು ಮುಖವೆಂದರೆ, ಊರಿನಲ್ಲೇ ಉಳಿದವರು ಎಲ್ಲೂ ಸಲ್ಲದವರು ಎಂಬ ಸಂಶಯ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನೇಮಕಾತಿಗೂ ಅನ್ವಯಿಸುತ್ತದೆ. ಈ ಸಂಶಯವನ್ನು ಅಭ್ಯರ್ಥಿಯೂ ಬಲ್ಲ. ಆದಕಾರಣ ಆತ ನಿಜವಾದ ಕಾರಣವನ್ನು ಮರೆಮಾಡಿ, "ಈ ಕ್ಷೇತ್ರದಲ್ಲಿ ನನಗೆ ಅಪಾರ ಆಸಕ್ತಿ" ಎಂಬ ಸಿದ್ಧ ವಾಕ್ಯವನ್ನು ಒಪ್ಪಿಸುತ್ತಾನೆ. ಮಾಲೀಕನು ಅದನ್ನು ಕೇಳಿ ಸಮಾಧಾನ ಹೊಂದುತ್ತಾನೆ. ಇಬ್ಬರಿಗೂ ತಿಳಿಯಬೇಕಾದದ್ದು ತಿಳಿಯದೇ ಉಳಿಯುತ್ತದೆ.

ಪ್ರಾಮಾಣಿಕ ಉತ್ತರದ ಬೆಲೆ

"ಮನಿ ಹತ್ರ ಇತ್ತ್, ಅದ್ಕೇ ಬಂದೆ" ಎಂದು ಅಭ್ಯರ್ಥಿಯೊಬ್ಬ ಹೇಳಿದರೆ ಹಲವು ಮಾಲೀಕರು ಮುಖ ಗಂಟಿಕ್ಕುತ್ತಾರೆ. ವಾಸ್ತವವಾಗಿ ಇದು ದುರ್ಬಲ ಉತ್ತರವಲ್ಲ. ಬೈಂದೂರಿನಿಂದ ಉಡುಪಿಗೆ ಸುಮಾರು 70 ಕಿಲೋಮೀಟರು. ದಿನವೂ ಹೋಗಿ ಬರುವುದರಲ್ಲಿ ಸಂಬಳದ ಒಂದು ಪಾಲೂ, ದಿನದ ಮೂರು ನಾಲ್ಕು ಗಂಟೆಗಳೂ ಕಳೆಯುತ್ತವೆ. ವಯಸ್ಸಾದ ತಂದೆತಾಯಿ, ಒಂದೆರಡು ಎಕರೆ ಅಡಿಕೆ ತೆಂಗಿನ ತೋಟ ಇರುವವನಿಗೆ ಊರಿನ ಕೆಲಸವು ನಗರದ ಹೆಚ್ಚಿನ ಸಂಬಳಕ್ಕೆ ಸಮನಾಗಬಹುದು. ಆಸಕ್ತಿ ಬದಲಾಗುತ್ತದೆ, ಮನೆ, ತೋಟ, ಹೊಣೆಗಾರಿಕೆಗಳು ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಇಂತಹ ಉತ್ತರವನ್ನು ತಳ್ಳಿಹಾಕದೆ, ಅದಕ್ಕೆ ಎರಡನೆಯ ಪ್ರಶ್ನೆಯನ್ನು ಜೋಡಿಸುವುದು ಜಾಣತನ: "ಹತ್ತಿರದಲ್ಲಿ ಬೇರೆ ಕೆಲಸಗಳೂ ಇವೆ, ಅವುಗಳಲ್ಲಿ ಇದನ್ನೇ ಏಕೆ?"

ಇದಕ್ಕೆ ಬರುವ ಉತ್ತರದಲ್ಲಿ ಕೆಲಸದ ಅರಿವು ಬಯಲಾಗುತ್ತದೆ. ಗೇರುಬೀಜ ಕಾರ್ಖಾನೆಯ ಲೆಕ್ಕಪತ್ರದ ಕೆಲಸಕ್ಕೆ ಬಂದ ಬಿ.ಕಾಂ. ಪದವೀಧರೆ, ಬೀಜ ಒಡೆಯುವುದರಿಂದ ಹಿಡಿದು ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವವರೆಗೆ ತೂಕ ಹೇಗೆ ಇಳಿಯುತ್ತದೆ, ಇಡೀ ತಿರುಳಿಗೂ ತುಂಡಿಗೂ ಬೆಲೆಯಲ್ಲಿ ಅಂತರವೇಕೆ ಎಂಬುದನ್ನು ವಿಚಾರಿಸಿದರೆ, ಆಕೆ ಕೆಲಸವನ್ನು ಆರಿಸಿಕೊಂಡವಳು. ಗಂಗೊಳ್ಳಿಯ ದೋಣಿ ಎಂಜಿನ್ ದುರಸ್ತಿಯ ವರ್ಕ್‌ಶಾಪಿಗೆ ಬಂದ ಐ.ಟಿ.ಐ. ಫಿಟ್ಟರ್, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಕಾಲದಲ್ಲಿ ದೋಣಿಗಳು ದಡದಲ್ಲಿರುವುದರಿಂದ ದುರಸ್ತಿಯ ಕೆಲಸ ಹೆಚ್ಚೆಂದು ತಾನಾಗಿ ಹೇಳಿದರೆ, ಆತ ಕಸುಬಿನ ಋತುಮಾನವನ್ನು ಬಲ್ಲವನು. "ಅಪಾರ ಆಸಕ್ತಿ" ಎಂಬ ಎರಡು ಪದಗಳಿಗಿಂತ ಇಂತಹ ಒಂದು ವಿವರ ಹೆಚ್ಚು ನಂಬಿಕೆಗೆ ಅರ್ಹ.

ತುಂಡು ತುಂಡಾದ ವೃತ್ತಿಜೀವನ

ಮಾಲೀಕರು ಅನುಮಾನದಿಂದ ನೋಡುವ ಇನ್ನೊಂದು ವರ್ಗವೆಂದರೆ ಕೆಲಸ ಬದಲಿಸುತ್ತ ಬಂದವರು. ಹಂಚಿನ ಕಾರ್ಖಾನೆಯಲ್ಲಿ ಐದು ವರ್ಷ, ಮುಂಬಯಿಯ ಹೋಟೆಲಿನಲ್ಲಿ ನಾಲ್ಕು ವರ್ಷ, ಅನಂತರ ಎರಡು ವರ್ಷ ಏನೂ ಇಲ್ಲ. ಕಾಗದದ ಮೇಲೆ ಇದು ಅಸ್ಥಿರತೆ. ಆದರೆ ಕಾಂಕ್ರೀಟಿನ ತಾರಸಿ ಬಂದ ಮೇಲೆ ಕರಾವಳಿಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದು ಎಲ್ಲರಿಗೂ ತಿಳಿದ ಸಂಗತಿ. ಬಾಗಿಲು ಹಾಕಿದ ಕಾರ್ಖಾನೆಯನ್ನು ಕೆಲಸಗಾರ ಬಿಟ್ಟನೆನ್ನಲಾಗದು. ಕಾರ್ಖಾನೆಯೇ ಅವನನ್ನು ಬಿಟ್ಟಿತು.

ಈ ನೆಲದ ಹಿರಿಯರ ಬದುಕನ್ನೇ ನೋಡಬಹುದು. 1898ರಲ್ಲಿ ಜನಿಸಿದ ಡಾ. ಟಿ.ಎಂ.ಎ. ಪೈ ವೈದ್ಯಶಾಸ್ತ್ರ ಓದಿದವರು. ಸಹೋದರ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಂದಿಗೆ 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದರು. 1902ರಲ್ಲಿ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಅಸಹಕಾರ ಚಳುವಳಿಗಾಗಿ ಕಾಲೇಜು ಬಿಟ್ಟವರು. ಪತ್ರಿಕೆ, ಪುತ್ತೂರಿನ ಬಾಲವನ, ಯಕ್ಷಗಾನ, ಕಾದಂಬರಿ ಎಂದು ಹತ್ತಾರು ದಾರಿ ತುಳಿದು 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಇವರ ಅರ್ಜಿಗಳೂ ಸಂದರ್ಶಕನ ಮೇಜಿನ ಮೇಲೆ ತುಂಡು ತುಂಡಾಗಿಯೇ ಕಾಣುತ್ತಿದ್ದವು. ಕೆಲಸ ಬದಲಿಸಿದವರೆಲ್ಲ ಪೈಗಳೂ ಕಾರಂತರೂ ಆಗುವುದಿಲ್ಲ ನಿಜ. ಎಷ್ಟು ಕೆಲಸ ಬಿಟ್ಟಿರಿ ಎಂದು ಎಣಿಸುವ ಬದಲು ಒಂದೊಂದರಿಂದ ಏನು ಕಲಿತಿರಿ ಎಂದು ಕೇಳಿದರೆ ಮಾತ್ರ ವ್ಯಕ್ತಿ ಕಾಣುತ್ತಾನೆ. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕುಳಿತವನಿಗೆ ಗಿರಾಕಿಯೊಡನೆ ಮಾತಾಡಲು ಹೊಸದಾಗಿ ಕಲಿಸಬೇಕಿಲ್ಲ.

ಹೆರಿಗೆ, ಮಕ್ಕಳ ಪಾಲನೆಗಾಗಿ ಕೆಲವು ವರ್ಷ ಬಿಡುವು ಪಡೆದು ಮರಳುವ ಮಹಿಳೆಯರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರನ್ನು ಮದುವೆ, ಮಕ್ಕಳ ಕುರಿತು ಪ್ರಶ್ನಿಸಿ ಅಳೆಯುವುದು ಸರಿಯಲ್ಲ. ನೇಮಕಾತಿಯಲ್ಲಿ ಲಿಂಗಭೇದ ಸಲ್ಲದೆಂಬ ನಿಯಮ 1976ರ ಸಮಾನ ವೇತನ ಕಾಯ್ದೆಯಲ್ಲೂ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ಕೆಲಸದ ವೇಳೆಯನ್ನು ಸ್ಪಷ್ಟವಾಗಿ ಹೇಳಿ, "ಈ ವೇಳೆ ನಿಮಗೆ ಹೊಂದುವುದೇ?" ಎಂದು ಸ್ತ್ರೀಪುರುಷರೆನ್ನದೆ ಎಲ್ಲರನ್ನೂ ಒಂದೇ ಬಗೆಯಲ್ಲಿ ಕೇಳಿದರೆ ಸಾಕು.

ಕೇಳುವ ರೀತಿ

ಮೊದಲನೆಯದಾಗಿ, ಭಾಷೆ. ಅಂಗಡಿಯ ವ್ಯವಹಾರವೆಲ್ಲ ಕನ್ನಡದಲ್ಲಿ ನಡೆಯುವಾಗ ಸಂದರ್ಶನವನ್ನು ಮಾತ್ರ ಇಂಗ್ಲಿಷಿನಲ್ಲಿ ನಡೆಸಿದರೆ ದೊರೆಯುವುದು ಬಾಯಿಪಾಠವೇ. ಮನೆಮಾತಿನಲ್ಲಿ ಕೇಳಿದವರಿಗೆ ಮನಸ್ಸಿನ ಮಾತು ಸಿಗುತ್ತದೆ. ಎರಡನೆಯದಾಗಿ, ಕೆಲಸದ ಕಷ್ಟವನ್ನು ಮೊದಲೇ ತಿಳಿಸಬೇಕು. ಐಸ್ ಪ್ಲಾಂಟಿನ ರಾತ್ರಿ ಪಾಳಿ, ಹಬ್ಬದ ದಿನಗಳ ಜವಳಿ ಅಂಗಡಿಯ ದಟ್ಟಣೆ ಇವನ್ನು ವಿವರಿಸಿದ ಮೇಲೂ "ಆಗಬಹುದು" ಎಂದವರ ಆಯ್ಕೆ ಗಟ್ಟಿ. ಮೂರನೆಯದಾಗಿ, ಸಾಧ್ಯವಿದ್ದಲ್ಲಿ ಅರ್ಧ ದಿನ ಕೆಲಸದ ಜಾಗವನ್ನು ತೋರಿಸಿ, ಅನಂತರ ಈ ಪ್ರಶ್ನೆಯನ್ನು ಕೇಳುವುದು ಲೇಸು. ಇನ್ನೂ ದೀರ್ಘವಾದ ಪರಿಚಯ ಬೇಕೆನ್ನುವವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿಯಿದೆ. ನಾಲ್ಕರಿಂದ 29 ಜನರಿರುವ ಸಂಸ್ಥೆಗಳು ಸ್ವ ಇಚ್ಛೆಯಿಂದ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲು 2019ರ ನಿಯಮ ತಿದ್ದುಪಡಿ ಅವಕಾಶ ನೀಡಿದೆ.

ಕೆಲವರ ಉತ್ತರದಲ್ಲಿ ಮುಂದೊಂದು ದಿನ ಸ್ವಂತ ಉದ್ಯೋಗ ಮಾಡುವ ಆಸೆ ಕಾಣಿಸಬಹುದು. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಂತಹ ಸ್ವಉದ್ಯೋಗ ತರಬೇತಿ ಕೇಂದ್ರವಿರುವ ಪ್ರದೇಶದಲ್ಲಿ ಇದು ಅಚ್ಚರಿಯಲ್ಲ. ಅಂಥವರನ್ನು ಹೆದರಿ ದೂರವಿಡುವುದಕ್ಕಿಂತ, "ನಾಲ್ಕು ವರ್ಷ ಇಲ್ಲಿ ದುಡಿಯಿರಿ, ಕಸುಬು ಕಲಿಯಿರಿ" ಎಂದು ಬಾಯಿಬಿಟ್ಟು ಮಾತಾಡಿಕೊಳ್ಳುವುದು ಇಬ್ಬರಿಗೂ ಲಾಭಕರ. ಇಂದಿನ ನೌಕರ ನಾಳಿನ ಬಿಡಿಭಾಗ ಪೂರೈಕೆದಾರನೂ ಆಗಬಲ್ಲ.

ಉತ್ತರಿಸುವ ರೀತಿ

ಕೆಲಸ ಹುಡುಕುವ ಮಕ್ಕಳು ವ್ಯಾಪಾರಿಗಳ ಮನೆಗಳಲ್ಲೂ ಇದ್ದಾರೆ. ಅವರು ನೆನಪಿಡಬೇಕಾದದ್ದು ಮೂರೇ ಸಂಗತಿ: ಇದುವರೆಗೆ ಮಾಡಿದ್ದು ಏನು, ಈ ಕೆಲಸದ ಬಗ್ಗೆ ತಿಳಿದುಕೊಂಡದ್ದು ಏನು, ಇಲ್ಲಿ ಎಷ್ಟು ಕಾಲ ಯಾವ ಕಾರಣಕ್ಕೆ ಇರಬಲ್ಲೆ. ಮೂರನ್ನೂ ಎರಡು ನಿಮಿಷದಲ್ಲಿ, ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಹಿಂದಿನ ಮಾಲೀಕರನ್ನು ದೂರಬಾರದು. ಸಂಬಳದ ಅಗತ್ಯವನ್ನು ಬಚ್ಚಿಡಬೇಕಾಗಿಲ್ಲ. ಆದರೆ ಅದೊಂದನ್ನೇ ಕಾರಣವಾಗಿ ಹೇಳಿದವನನ್ನು ಐನೂರು ರೂಪಾಯಿ ಹೆಚ್ಚು ಕೊಡುವವರು ಕರೆದೊಯ್ಯುತ್ತಾರೆಂದು ಕೇಳುವವರು ಎಣಿಸುವುದು ಸಹಜ.

ಕೊನೆಯದಾಗಿ, ಪ್ರಶ್ನೆ ಎರಡೂ ಕಡೆಗೆ ಹರಿಯತಕ್ಕದ್ದು. "ಈ ಸಂಸ್ಥೆಗೆ ನಾನು ಏಕೆ ಸೇರಬೇಕು?" ಎಂದು ಅಭ್ಯರ್ಥಿ ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಕೊಂಡಿರುತ್ತಾನೆ. ಸಕಾಲದ ಸಂಬಳ, ಭವಿಷ್ಯನಿಧಿ, ವಾರದ ರಜೆ, ಕಲಿಯುವ ಅವಕಾಶ, ಮೂರು ವರ್ಷಗಳ ಅನಂತರದ ಸ್ಥಾನ ಇವುಗಳ ಬಗ್ಗೆ ಸ್ಪಷ್ಟ ಉತ್ತರವಿಲ್ಲದ ಮಾಲೀಕನು ನಿಷ್ಠೆಯನ್ನು ನಿರೀಕ್ಷಿಸುವುದು ಉಚಿತವಲ್ಲ. ಸ್ವಂತ ಮಕ್ಕಳೇ ಅಂಗಡಿಯನ್ನು ಮುಂದುವರಿಸಲು ಒಪ್ಪದೆ ಬೆಂಗಳೂರಿನ ಬಸ್ಸು ಹತ್ತುತ್ತಿರುವ ಈ ದಿನಗಳಲ್ಲಿ, ಉದ್ದಿಮೆಯನ್ನು ನಾಳೆ ನಡೆಸುವವರು ಇಂದು ಎದುರಿನ ಕುರ್ಚಿಯಲ್ಲಿ ಕುಳಿತ ಈ ಅಪರಿಚಿತರೇ ಆಗಿರಬಹುದು. ಅವರ ಉತ್ತರವನ್ನು ತಾಳ್ಮೆಯಿಂದ ಕೇಳುವುದಕ್ಕೆ ಖರ್ಚಿಲ್ಲ. ಕೇಳದಿದ್ದುದರ ಖರ್ಚನ್ನು ವರ್ಷದ ಕೊನೆಯ ಲೆಕ್ಕ ತೋರಿಸುತ್ತದೆ.