ಬಿಯರ್ ಹಳೆಯದಾದಷ್ಟೂ ರುಚಿಯೇ? ಪುಣೆಯ ಬಿಸಿಲಲ್ಲಿ ಬೆಲ್ಜಿಯಂನ 'ತೋಟದ ಮನೆ' ಬಿಯರ್ ಉಳಿಯುವುದು ಹೇಗೆ?

ಪುಣೆ: ಬಿಯರ್ ಎಂದರೆ ತಾಜಾ ಇರಬೇಕು, ಮೈ ಕೊರೆಯುವಷ್ಟು ತಣ್ಣಗಿರಬೇಕು ಎಂಬುದು ಸಾಮಾನ್ಯ ನಂಬಿಕೆ. ಬಾಟಲಿಯ ಮೇಲಿನ ದಿನಾಂಕ ನೋಡಿ, ಆರು ತಿಂಗಳು ಕಳೆದಿದ್ದರೆ ಪಕ್ಕಕ್ಕಿಡುವವರೇ ಹೆಚ್ಚು. ಆದರೆ ವೈನ್‌ನಂತೆ ವರ್ಷಗಟ್ಟಲೆ ಇಟ್ಟು, ಆಮೇಲೆ ಕುಡಿಯುವ ಬಿಯರ್‌ಗಳೂ ಇವೆ. ಬೆಲ್ಜಿಯಂನ ಹಳ್ಳಿಗಾಡಿನ ತೋಟದ ಮನೆಗಳಲ್ಲಿ ಹುಟ್ಟಿದ 'ಫಾರ್ಮ್‌ಹೌಸ್ ಏಲ್' ಅಂಥದ್ದೊಂದು ಬಗೆ.

ಮೈಕ್ರೋಬ್ರೂವರಿಗಳ ನಗರ ಎಂದು ಹೆಸರಾದ ಪುಣೆಯಲ್ಲಿ ಈ ಬಿಯರ್‌ಗಳ ಬಗ್ಗೆ ಆಸಕ್ತಿ ಇರುವವರು ಇದ್ದಾರೆ. ವಿದೇಶ ಪ್ರವಾಸದಿಂದ ಬರುವಾಗ ಒಂದೆರಡು ಬಾಟಲಿ ತಂದು, 'ಐದು ವರ್ಷ ಬಿಟ್ಟು ತೆರೆಯೋಣ' ಎಂದು ಕಪಾಟಿನಲ್ಲಿಡುವುದುಂಟು. ಆದರೆ ಬೆಲ್ಜಿಯಂನ ತಂಪು ನೆಲಮಾಳಿಗೆ ಬೇರೆ, ಪುಣೆಯ ಮೇ ತಿಂಗಳ ಫ್ಲ್ಯಾಟ್ ಬೇರೆ. ಸರಿಯಾಗಿ ಇಡದಿದ್ದರೆ ಐದು ವರ್ಷದ ಕಾಯುವಿಕೆ ಒಂದೇ ಬೇಸಿಗೆಯಲ್ಲಿ ಹಾಳಾಗಬಹುದು. ಇಷ್ಟಕ್ಕೂ ಯಾವ ಬಿಯರ್ ಇಡಬೇಕು, ಹೇಗಿಡಬೇಕು, ತೆರೆದ ಮೇಲೆ ಏನನ್ನು ಗಮನಿಸಬೇಕು? ಇಲ್ಲಿದೆ ವಿವರ.

ಹೊಲದ ಕೆಲಸಗಾರರ ಬಾಯಾರಿಕೆಗೆ ಹುಟ್ಟಿದ ಬಿಯರ್

ಬೆಲ್ಜಿಯಂನ ದಕ್ಷಿಣ ಭಾಗ ವಲೋನಿಯಾ. ಅಲ್ಲಿ ಫ್ರೆಂಚ್ ಮಾತನಾಡುತ್ತಾರೆ. ಅಲ್ಲಿನ ಎನೋ ಪ್ರಾಂತ್ಯದ ರೈತರು ಚಳಿಗಾಲದಲ್ಲಿ ಬಿಯರ್ ತಯಾರಿಸಿ, ಬೇಸಿಗೆಯಲ್ಲಿ ಹೊಲಕ್ಕೆ ಬರುವ ಕೆಲಸಗಾರರಿಗೆ ಕೊಡಲು ಇಟ್ಟುಕೊಳ್ಳುತ್ತಿದ್ದರು ಎಂದು ಹೇಳಲಾಗುತ್ತದೆ. ಈ ಬಿಯರ್‌ಗೆ 'ಸೇಜಾನ್' ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ 'ಋತು'.

ಚಳಿಗಾಲದಲ್ಲೇ ಏಕೆ ತಯಾರಿಸಬೇಕಿತ್ತು? ಆಗ ಫ್ರಿಜ್ ಇರಲಿಲ್ಲ. ಬೇಸಿಗೆಯಲ್ಲಿ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ಹೆಚ್ಚಾಗಿ ಬಿಯರ್ ಬೇಗ ಹುಳಿಯಾಗುತ್ತಿತ್ತು. ಹೊಲದಲ್ಲಿ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಮಾಡಿಟ್ಟರೆ ಕೆಡುವ ಭಯವಿಲ್ಲ, ಜನರೂ ಸಿಗುತ್ತಾರೆ. ಹೀಗೆ ತಿಂಗಳುಗಟ್ಟಲೆ ಉಳಿಯುವಂತೆ ಮಾಡುವುದೇ ಈ ಬಿಯರ್‌ನ ಹುಟ್ಟುಗುಣ. ಗಡಿಯಾಚೆ ಉತ್ತರ ಫ್ರಾನ್ಸ್‌ನಲ್ಲಿ ಇದರ ಸೋದರಸಂಬಂಧಿಯೊಂದಿದೆ. ಅದರ ಹೆಸರು 'ಬಿಯೇರ್ ದ ಗಾರ್ದ್', ಅಂದರೆ 'ಇಟ್ಟುಕೊಳ್ಳುವ ಬಿಯರ್'.

ಇಂದು ಸೇಜಾನ್ ಎಂದರೆ ಮೊದಲು ಕೇಳಿಬರುವ ಹೆಸರು ಎನೋ ಪ್ರಾಂತ್ಯದ ತೂರ್ಪ್ ಎಂಬ ಹಳ್ಳಿಯ ಡ್ಯುಪಾಂಟ್ ಬ್ರೂವರಿ. 19ನೇ ಶತಮಾನದಿಂದ ಬಿಯರ್ ತಯಾರಿಸುತ್ತಿದ್ದ ಈ ತೋಟದ ಮನೆಯನ್ನು 1920ರಲ್ಲಿ ಡ್ಯುಪಾಂಟ್ ಕುಟುಂಬ ಖರೀದಿಸಿತು. ಮಗ ಕೆನಡಾಕ್ಕೆ ಹೋಗಿ ನೆಲೆಸಲು ಹೊರಟಿದ್ದ, ಅವನನ್ನು ಊರಲ್ಲೇ ಉಳಿಸಿಕೊಳ್ಳಲು ತಂದೆ ಈ ಬ್ರೂವರಿ ಕೊಡಿಸಿದರು ಎಂಬುದು ಆ ಮನೆತನದ ಕಥೆ. ಇಲ್ಲಿನ 'ಸೇಜಾನ್ ಡ್ಯುಪಾಂಟ್' ಶೇ. 6.5ರಷ್ಟು ಆಲ್ಕೋಹಾಲ್ ಹೊಂದಿದೆ. 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

ಪುಣೆಗೆ ಬಂದಿದ್ದು ಹೇಗೆ?

2009ರಲ್ಲಿ ಪುಣೆಯಲ್ಲಿ 'ಡೂಲಾಲಿ' ಆರಂಭವಾಯಿತು. ದೇಶದ ಮೊದಲ ಮೈಕ್ರೋಬ್ರೂವರಿಗಳಲ್ಲಿ ಅದೂ ಒಂದು. ಮರುವರ್ಷ, ಅಂದರೆ 2010ರಲ್ಲಿ, ಬೆಂಗಳೂರಿನ ಇಂದಿರಾನಗರದಲ್ಲಿ 'ಟಾಯ್ಟ್' ಬಾಗಿಲು ತೆರೆಯಿತು. ಆ ಬಳಿಕ ಪುಣೆಯ ಮುಂಢ್ವಾದಲ್ಲಿ 'ಇಂಡಿಪೆಂಡೆನ್ಸ್ ಬ್ರೂಯಿಂಗ್ ಕಂಪನಿ', ಕೋರೆಗಾಂವ್ ಪಾರ್ಕ್‌ನಲ್ಲಿ 'ಎಫಿಂಗಟ್', ಕೋಕಂ ಹಾಕಿದ ಉಪ್ಪು-ಹುಳಿ ಬಿಯರ್‌ಗೆ ಹೆಸರಾದ 'ಗ್ರೇಟ್ ಸ್ಟೇಟ್ ಏಲ್ ವರ್ಕ್ಸ್' ಹೀಗೆ ಒಂದೊಂದಾಗಿ ಬಂದವು. ಗೋಧಿ ಬಿಯರ್‌ನಿಂದ ಆರಂಭವಾದ ರುಚಿ ಕ್ರಮೇಣ ಬೆಲ್ಜಿಯನ್ ಶೈಲಿಗಳತ್ತ ತಿರುಗಿತು. ಇಂಡಿಪೆಂಡೆನ್ಸ್‌ನ ಪಟ್ಟಿಯಲ್ಲಿ ನಾಲ್ಕು ಧಾನ್ಯಗಳ ಸೇಜಾನ್ ಕೂಡ ಕಾಣಿಸಿಕೊಂಡಿದೆ.

ನಾಲ್ಕು ಧಾನ್ಯ ಎಂಬುದು ಈ ಶೈಲಿಗೆ ಹೊರತಲ್ಲ. ಬಾರ್ಲಿ ಮುಖ್ಯವಾದರೂ ಆ ವರ್ಷ ಕಣಜದಲ್ಲಿ ಏನಿದೆಯೋ ಅದನ್ನೇ ಬೆಲ್ಜಿಯಂನ ರೈತ ಬಳಸುತ್ತಿದ್ದ. ಗೋಧಿ, ಓಟ್ಸ್, ಸ್ಪೆಲ್ಟ್ ಯಾವುದೂ ಆಗಬಹುದಿತ್ತು.

ಆದರೆ ಒಂದು ಮಾತು. ಮೈಕ್ರೋಬ್ರೂವರಿಯ ನಲ್ಲಿಯಿಂದ ಬರುವ ಬಿಯರ್ ಆ ವಾರವೇ ಕುಡಿಯಲು ತಯಾರಾದದ್ದು. ಗ್ಲಾಸಿನಲ್ಲಿ ಅಥವಾ ಪಾರ್ಸೆಲ್ ಬಾಟಲಿಯಲ್ಲಿ ಸಿಗುವ ಅದನ್ನು ವರ್ಷಗಟ್ಟಲೆ ಇಡಲಾಗದು. ಇಡಬಹುದಾದದ್ದು ಬಾಟಲಿಯೊಳಗೇ ಎರಡನೇ ಬಾರಿ ಹುದುಗಿದ ಬಿಯರ್ ಮಾತ್ರ.

ಬಾಟಲಿಯೊಳಗೆ ಏನು ನಡೆಯುತ್ತದೆ?

ಸಾಮಾನ್ಯ ಲಾಗರ್ ಬಿಯರ್ ಅನ್ನು ಸೋಸಿ, ಬಿಸಿ ಮಾಡಿ, ಅದರಲ್ಲಿನ ಯೀಸ್ಟ್ ತೆಗೆದುಹಾಕಿ ಅಥವಾ ಕೊಂದು ಬಾಟಲಿಗೆ ತುಂಬುತ್ತಾರೆ. ಅಲ್ಲಿಗೆ ಅದರ ಬೆಳವಣಿಗೆ ಮುಗಿಯಿತು. ಮುಂದಿನದ್ದೆಲ್ಲ ಇಳಿಮುಖವೇ. ಫಾರ್ಮ್‌ಹೌಸ್ ಏಲ್‌ನಲ್ಲಿ ಹಾಗಲ್ಲ. ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಮತ್ತು ಜೀವಂತ ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಗ್ಯಾಸ್ ಉಂಟುಮಾಡುತ್ತದೆ, ಜೊತೆಗೆ ಬಾಟಲಿಯ ಕುತ್ತಿಗೆಯಲ್ಲಿ ಉಳಿದ ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ. ಬಿಯರ್‌ನ ಮೊದಲ ಶತ್ರು ಆಮ್ಲಜನಕ. ಅದನ್ನು ಯೀಸ್ಟ್ ತೆಗೆದುಬಿಡುವುದರಿಂದ ಇಂಥ ಬಿಯರ್ ಹೆಚ್ಚು ಕಾಲ ಬಾಳುತ್ತದೆ.

ಕೆಲವು ಬಿಯರ್‌ಗಳಲ್ಲಿ ಇನ್ನೊಂದು ಯೀಸ್ಟ್ ಕೂಡ ಇರುತ್ತದೆ. ಅದರ ಹೆಸರು ಬ್ರೆಟ್ಟನೋಮೈಸಿಸ್, ಚಿಕ್ಕದಾಗಿ 'ಬ್ರೆಟ್'. ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಎಂಬ ವಿಜ್ಞಾನಿ 1904ರಲ್ಲಿ ಇದನ್ನು ಇಂಗ್ಲೆಂಡ್‌ನ ಹಳೆಯ ಬಿಯರ್‌ಗಳಲ್ಲಿ ಗುರುತಿಸಿ ಜಗತ್ತಿಗೆ ತಿಳಿಸಿದರು. ಸಾಮಾನ್ಯ ಯೀಸ್ಟ್ ತಿನ್ನಲಾಗದ ಸಂಕೀರ್ಣ ಸಕ್ಕರೆಗಳನ್ನೂ ಬ್ರೆಟ್ ನಿಧಾನವಾಗಿ, ತಿಂಗಳುಗಟ್ಟಲೆ ತಿನ್ನುತ್ತದೆ. ಆಗ ಅನಾನಸ್, ಚರ್ಮ, ಒಣಹುಲ್ಲು, ಕೊಟ್ಟಿಗೆಯನ್ನು ನೆನಪಿಸುವ ವಾಸನೆಗಳು ಮೂಡುತ್ತವೆ. ಕೇಳಲು ವಿಚಿತ್ರ ಎನಿಸಿದರೂ ಈ ಬಿಯರ್ ಇಷ್ಟಪಡುವವರು ಹುಡುಕುವುದು ಇದನ್ನೇ.

ಯಾವುದನ್ನು ಇಡಬಹುದು, ಎಷ್ಟು ಕಾಲ?

* ಸಾಮಾನ್ಯ ಸೇಜಾನ್: ಇದರ ಸೊಗಸು ಮೆಣಸಿನ ಘಾಟು, ನಿಂಬೆಯ ಪರಿಮಳದಲ್ಲಿದೆ. ಒಂದೆರಡು ವರ್ಷದೊಳಗೆ ಕುಡಿದರೆ ಒಳ್ಳೆಯದು.
* ಬ್ರೆಟ್ ಇರುವ ಸೇಜಾನ್: ಎರಡರಿಂದ ಐದು ವರ್ಷ ಇಡಬಹುದು.
* ಲ್ಯಾಂಬಿಕ್ ಮತ್ತು ಗೂಜ್: ಬ್ರಸೆಲ್ಸ್ ಸುತ್ತಮುತ್ತ, ಗಾಳಿಯಲ್ಲಿರುವ ಯೀಸ್ಟ್‌ನಿಂದಲೇ ಹುದುಗುವ ಹುಳಿ ಬಿಯರ್ ಲ್ಯಾಂಬಿಕ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿದರೆ ಗೂಜ್. ಹತ್ತು, ಇಪ್ಪತ್ತು ವರ್ಷ ಬಾಳುವ ಗೂಜ್‌ಗಳಿವೆ.
* ಐಪಿಎ, ಗೋಧಿ ಬಿಯರ್, ಲಾಗರ್: ಇಡಲೇಬಾರದು. ಐಪಿಎಯ ಹಾಪ್ಸ್ ಪರಿಮಳ ಕೆಲವೇ ತಿಂಗಳಲ್ಲಿ ಇಳಿಯುತ್ತದೆ.

ಹುಳಿ, ಬ್ರೆಟ್ ಅಥವಾ ಶೇ. 8ಕ್ಕಿಂತ ಹೆಚ್ಚು ಆಲ್ಕೋಹಾಲ್, ಈ ಮೂರರಲ್ಲಿ ಒಂದಾದರೂ ಇದ್ದರೆ ಇಡುವ ಯೋಚನೆ ಮಾಡಬಹುದು. ಮೂರೂ ಇಲ್ಲದಿದ್ದರೆ ತಾಜಾ ಇರುವಾಗಲೇ ಕುಡಿಯುವುದು ಜಾಣತನ.

ಪುಣೆಯ ಬಿಸಿಲಿನ ಲೆಕ್ಕ

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪ 38ರಿಂದ 40 ಡಿಗ್ರಿ ಮುಟ್ಟುತ್ತದೆ. 2019ರ ಏಪ್ರಿಲ್ ಕೊನೆಯಲ್ಲಿ 43 ಡಿಗ್ರಿ ಆಸುಪಾಸಿಗೆ ಏರಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಸೇಜಾನ್ ತಯಾರಿಕೆಗೆ ಬಿಸಿ ಬೇಕು. ಬಹುತೇಕ ಏಲ್‌ಗಳು 18ರಿಂದ 22 ಡಿಗ್ರಿಯಲ್ಲಿ ಹುದುಗಿದರೆ, ಸೇಜಾನ್‌ನ ಯೀಸ್ಟ್ 30 ಡಿಗ್ರಿ ದಾಟಿದರೂ ಹುರುಪಿನಿಂದ ಕೆಲಸ ಮಾಡುತ್ತದೆ. ಅಂದರೆ ಈ ಬಿಯರ್ ಮಾಡಲು ಪುಣೆಯ ಸೆಖೆ ಅಡ್ಡಿಯಲ್ಲ. ಇಡಲು ಮಾತ್ರ ಅದೇ ಸೆಖೆ ಶತ್ರು.

ಕಾರಣ ಸರಳ. ದೋಸೆ ಹಿಟ್ಟು ಚಳಿಗಾಲದಲ್ಲಿ ಬೆಳಗಾದರೂ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಮಧ್ಯರಾತ್ರಿಗೇ ಹುಳಿಯಾಗುತ್ತದೆ. ಬಿಯರ್ ಹಳತಾಗುವುದೂ ಹೀಗೆಯೇ ತಾಪಕ್ಕೆ ತಕ್ಕಂತೆ ನಡೆಯುತ್ತದೆ. ತಾಪ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ ಎಂಬುದು ಸಾಮಾನ್ಯ ಲೆಕ್ಕ. 12 ಡಿಗ್ರಿಯ ನೆಲಮಾಳಿಗೆಗೂ 32 ಡಿಗ್ರಿಯ ಕೋಣೆಗೂ 20 ಡಿಗ್ರಿ ವ್ಯತ್ಯಾಸ. ಅಂದರೆ ನಾಲ್ಕರಿಂದ ಒಂಬತ್ತು ಪಟ್ಟು ವೇಗ. ಬೆಲ್ಜಿಯಂನಲ್ಲಿ ಒಂದು ವರ್ಷದಲ್ಲಿ ಆಗುವ ಬದಲಾವಣೆ ಪುಣೆಯ ಕಪಾಟಿನಲ್ಲಿ ಒಂದೂವರೆಯಿಂದ ಮೂರು ತಿಂಗಳಲ್ಲಿ ಮುಗಿದುಹೋಗುತ್ತದೆ. ಅದೂ ಅದೇ ರುಚಿಯಾಗಿ ಅಲ್ಲ. ಬಿಸಿಯಲ್ಲಿ ಆಮ್ಲಜನಕದ ಪ್ರತಿಕ್ರಿಯೆ ಮುಂದೋಡಿ, ಒದ್ದೆ ರಟ್ಟಿನಂಥ ವಾಸನೆ ಮೊದಲು ಬರುತ್ತದೆ.

ಮನೆಯಲ್ಲಿ ಇಡುವುದು ಹೇಗೆ?

ತಾಪ: 10ರಿಂದ 14 ಡಿಗ್ರಿ ಸೂಕ್ತ. ಫ್ಲ್ಯಾಟ್‌ನಲ್ಲಿ ಇದಕ್ಕಿರುವ ದಾರಿ 12 ಡಿಗ್ರಿಗೆ ಹೊಂದಿಸಿದ ಸಣ್ಣ ವೈನ್ ಫ್ರಿಜ್. ಅದಿಲ್ಲದಿದ್ದರೆ ಸಾಮಾನ್ಯ ಫ್ರಿಜ್‌ನ ಕೆಳಗಿನ ಅರೆಯೇ ಆಗಬಹುದು. 4 ಡಿಗ್ರಿಯಲ್ಲಿ ಯೀಸ್ಟ್ ನಿದ್ದೆ ಹೋಗುತ್ತದೆ, ರುಚಿ ನಿಧಾನವಾಗಿ ಬೆಳೆಯುತ್ತದೆ. ಆದರೆ ಕೆಡುವುದಿಲ್ಲ. ನಿಧಾನವಾದರೂ ಪರವಾಗಿಲ್ಲ, 35 ಡಿಗ್ರಿಯ ಕಪಾಟಿಗಿಂತ ಇದೇ ಮೇಲು.

ಏರಿಳಿತ: ಹಗಲು ಬಿಸಿ, ರಾತ್ರಿ ತಂಪು ಎಂಬುದು ಪುಣೆಯ ಹವೆಯ ಗುಣ. ಈ ಏರಿಳಿತವೂ ಬಿಯರ್‌ಗೆ ಒಳ್ಳೆಯದಲ್ಲ. ಹೊರಗೋಡೆಗೆ ತಾಗಿದ, ಪಶ್ಚಿಮದ ಬಿಸಿಲು ಬೀಳುವ ಕೋಣೆ ಬೇಡವೇ ಬೇಡ.

ಬೆಳಕು: ಹಾಪ್ಸ್‌ನ ಕಹಿ ಅಂಶಕ್ಕೆ ಬೆಳಕು ತಾಗಿದರೆ ಕೆಟ್ಟ ನಾತದ ಸಂಯುಕ್ತ ಹುಟ್ಟುತ್ತದೆ. ಕಂದು ಬಾಟಲಿ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ತಡೆಯುವುದು ಕಡಿಮೆ. ಹಸಿರು ಬಾಟಲಿಯಾದರೆ ಕಾಗದದಲ್ಲಿ ಸುತ್ತಿಡಬೇಕು.

ನಿಲ್ಲಿಸಬೇಕೋ ಮಲಗಿಸಬೇಕೋ: ಲೋಹದ ಮುಚ್ಚಳವಿದ್ದರೆ ನಿಲ್ಲಿಸಿ. ಯೀಸ್ಟ್ ತಳದಲ್ಲಿ ಕೂರುತ್ತದೆ. ಕಾರ್ಕ್ ಇದ್ದು ತುಂಬ ವರ್ಷ ಇಡುವುದಾದರೆ ಮಲಗಿಸುವವರೂ ಇದ್ದಾರೆ. ಹಾಗಿಟ್ಟರೆ ತೆರೆಯುವ ಒಂದೆರಡು ದಿನ ಮೊದಲು ನಿಲ್ಲಿಸಬೇಕು.

ಚೀಟಿ: ಬಾಟಲಿ ತಂದ ದಿನ, ತಯಾರಾದ ವರ್ಷ, ತೆರೆಯಬೇಕಾದ ವರ್ಷ ಬರೆದು ಅಂಟಿಸಿ. ಬಾಟಲಿಗಳು ಹಾಳಾಗಲು ಬಿಸಿಯಷ್ಟೇ ದೊಡ್ಡ ಕಾರಣ ಮರೆವು.

ಎಚ್ಚರ: ಬ್ರೆಟ್ ಇರುವ ಬಿಯರ್ ಬಿಸಿಯಲ್ಲಿದ್ದರೆ ಒಳಗಿನ ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಬಾಟಲಿ ಸಿಡಿಯುವ ಅಪಾಯವೂ ಇದೆ. ಇಂಥವನ್ನು ಮಕ್ಕಳ ಕೈಗೆ ಸಿಗದಂತೆ, ಮುಚ್ಚಿದ ಪೆಟ್ಟಿಗೆಯಲ್ಲಿಡಿ. ತೆರೆಯುವ ಮೊದಲು ಚೆನ್ನಾಗಿ ತಣಿಸಿ, ಸಿಂಕ್ ಪಕ್ಕದಲ್ಲೇ ತೆರೆಯಿರಿ.

ರುಚಿ ನೋಡುವ ಕ್ರಮ

ಹಳೆಯ ಬಿಯರ್‌ನ ಬೆಲೆ ಗೊತ್ತಾಗುವುದು ಹೋಲಿಕೆಯಲ್ಲಿ. ಒಂದೇ ಬಿಯರ್‌ನ ಬೇರೆ ಬೇರೆ ವರ್ಷದ ಬಾಟಲಿಗಳನ್ನು ಒಟ್ಟಿಗೆ ತೆರೆದು ನೋಡುವುದಕ್ಕೆ 'ವರ್ಟಿಕಲ್' ಎನ್ನುತ್ತಾರೆ. ಮೂರು ಬಾಟಲಿ, ನಾಲ್ಕೈದು ಜನ ಸಾಕು. ತಲಾ 100 ಮಿ.ಲೀ. ಇದ್ದರೆ ಧಾರಾಳ.

ಹೊಸದರಿಂದ ಆರಂಭಿಸಿ ಹಳೆಯದರ ಕಡೆ ಹೋಗಿ. 8ರಿಂದ 12 ಡಿಗ್ರಿ ತಂಪು ಸಾಕು. ತುಂಬ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಬಾಯಿ ಕಿರಿದಾದ ಟ್ಯುಲಿಪ್ ಗ್ಲಾಸ್ ಒಳ್ಳೆಯದು. ಬಾಟಲಿ ಅಲುಗಾಡಿಸದೆ ಸುರಿಯಿರಿ, ತಳದ ಗಸಿಯನ್ನು ಕೊನೆಗೆ ಬಿಡಿ.

ಹೊಸ ಬಾಟಲಿಯಲ್ಲಿ ಕರಿಮೆಣಸು, ನಿಂಬೆ ಸಿಪ್ಪೆ, ಹಾಪ್ಸ್ ಕಹಿ ಎದ್ದು ಕಾಣುತ್ತವೆ. ಹಳತಾದಂತೆ ಕಹಿ ತಗ್ಗುತ್ತದೆ, ಬಣ್ಣ ಗಾಢವಾಗುತ್ತದೆ, ಜೇನು, ಒಣ ಹಣ್ಣು, ಶೆರ್ರಿ ವೈನ್‌ನ ಛಾಯೆ ಬರುತ್ತದೆ. ಬ್ರೆಟ್ ಇದ್ದರೆ ಒಣಹುಲ್ಲು, ಚರ್ಮದ ವಾಸನೆ ಮುಂದೆ ಬರುತ್ತದೆ. ಒದ್ದೆ ರಟ್ಟು, ಸೋಯಾ ಸಾಸ್, ಕಣ್ಣಲ್ಲಿ ನೀರು ತರಿಸುವ ವಿನೆಗರ್ ವಾಸನೆ ಬಂದರೆ ಅದು ಹಳತಾದದ್ದಲ್ಲ, ಕೆಟ್ಟದ್ದು. ದುಬಾರಿ ಬಾಟಲಿ ಎಂಬ ಕಾರಣಕ್ಕೆ ಹೊಗಳಬೇಕಾಗಿಲ್ಲ.

ಜೊತೆಗೆ ತಿನ್ನಲು ಪುಣೆಯಲ್ಲಿ ಬರವಿಲ್ಲ. ಬಾಕರವಡಿ, ಥಾಲಿಪೀಟ್, ಉತ್ತರ ಕರ್ನಾಟಕದವರ ಮನೆಯಾದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗ್ಯಾಸ್ ಹೆಚ್ಚಿರುವ, ಸಿಹಿ ಕಡಿಮೆ ಇರುವ ಸೇಜಾನ್ ಎಣ್ಣೆ, ಖಾರ ಎರಡನ್ನೂ ಬಾಯಿಂದ ತೊಳೆಯುತ್ತದೆ.

ಕಾನೂನು ಮರೆಯಬೇಡಿ

ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ 2 ಲೀಟರ್. 330 ಮಿ.ಲೀ. ಬಾಟಲಿಯಾದರೆ ಆರು, 750 ಮಿ.ಲೀ. ಆದರೆ ಎರಡೇ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದ್ದು, ಮದ್ಯ ಖರೀದಿಸಲು, ಇಟ್ಟುಕೊಳ್ಳಲು, ಕುಡಿಯಲು ಪರವಾನಗಿ ಬೇಕು. ಮನೆಯಲ್ಲಿ ಇಟ್ಟುಕೊಳ್ಳುವ ಪ್ರಮಾಣಕ್ಕೂ ಮಿತಿ ಇದೆ. ಕರ್ನಾಟಕದಲ್ಲಿ ಇದರ ನಿಯಮಗಳೇ ಬೇರೆ. ಆದ್ದರಿಂದ ಬಾಟಲಿ ಸಂಗ್ರಹಿಸುವ ಮುನ್ನ ಆಯಾ ರಾಜ್ಯದ ಅಬಕಾರಿ ಇಲಾಖೆಯ ನಿಯಮ ತಿಳಿದುಕೊಳ್ಳುವುದು ಕ್ಷೇಮ.

ಕೊನೆಯದಾಗಿ, ಎಲ್ಲ ಬಾಟಲಿಗಳನ್ನೂ 'ಒಳ್ಳೆಯ ದಿನ'ಕ್ಕೆಂದು ಎತ್ತಿಡುವುದೂ ತಪ್ಪೇ. ಒಂದೇ ಬಗೆಯ ಎರಡು ಬಾಟಲಿ ತಂದರೆ ಒಂದನ್ನು ಈಗಲೇ ತೆರೆಯಿರಿ, ಇನ್ನೊಂದನ್ನು ಇಡಿ. ಮೊದಲಿನದ್ದರ ರುಚಿ ಗೊತ್ತಿಲ್ಲದಿದ್ದರೆ, ವರ್ಷಗಳ ಬಳಿಕ ತೆರೆದಾಗ ಏನು ಬದಲಾಯಿತು ಎಂಬುದೇ ತಿಳಿಯುವುದಿಲ್ಲ.

(ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಕಾನೂನುಬದ್ಧ ವಯಸ್ಸು ತಲುಪದವರು ಮದ್ಯ ಸೇವಿಸುವಂತಿಲ್ಲ. ಕುಡಿದು ವಾಹನ ಚಲಾಯಿಸಬೇಡಿ.)