ಚೋಕ್ ಕಿತ್ತರೆ ಮುಗಿಯಿತೇ? ಹಳೆಯ ಟ್ಯೂಬ್‌ಲೈಟ್ ಪಟ್ಟಿಯ ಸುತ್ತ ಬೆಳೆದ ನಂಬಿಕೆಗಳು

ಹಳೆಯ ಟ್ಯೂಬ್‌ಲೈಟ್ ಪಟ್ಟಿಯನ್ನು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹಜಾರಕ್ಕೆ ಹೊಸ ಎಲ್‌ಇಡಿ ಬಂದ ದಿನ ಅದು ಗ್ಯಾರೇಜಿಗೋ ಹಿತ್ತಲಿನ ಶೆಡ್ಡಿಗೋ ವರ್ಗವಾಗುತ್ತದೆ. ಗರಗಸ, ಉಜ್ಜುಗೊರಡು, ಗ್ರೈಂಡರುಗಳ ನಡುವೆ ಅದಕ್ಕೆ ಎರಡನೇ ಜನ್ಮ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ಸಲಹೆಯೂ ಸಿದ್ಧ: "ಚೋಕು, ಸ್ಟಾರ್ಟರು ಕಿತ್ತುಹಾಕಿ, ಎಲ್‌ಇಡಿ ಟ್ಯೂಬ್ ಸಿಕ್ಕಿಸಿ, ಅಷ್ಟೇ ಸಾರ್." ಈ ಮಾತು ಅರ್ಧ ನಿಜ. ಉಳಿದರ್ಧ ಶಾಕ್ ಹೊಡೆಸಬಲ್ಲದು.

ಚೋಕ್ ಇರುವುದು ಟ್ಯೂಬ್ ಹೊತ್ತಿಸುವುದಕ್ಕೆ ಮಾತ್ರ ಎಂದು ಬಹಳ ಮಂದಿ ನಂಬಿದ್ದಾರೆ. ಹೊತ್ತಿಸುವುದು ಅದರ ಸಣ್ಣ ಕೆಲಸ. ಟ್ಯೂಬಿನೊಳಗಿನ ಅನಿಲದ ಗುಣ ವಿಚಿತ್ರ: ಕರೆಂಟ್ ಹರಿದಷ್ಟೂ ಅದರ ತಡೆ ಕುಗ್ಗುತ್ತದೆ, ತಡೆ ಕುಗ್ಗಿದಷ್ಟೂ ಕರೆಂಟ್ ಏರುತ್ತದೆ. ಅದಕ್ಕೆ ಕಡಿವಾಣ ಹಾಕುವುದೇ ಚೋಕು. ಸ್ಟಾರ್ಟರಿನ ಕೆಲಸ ಮಾತ್ರ ಟ್ಯೂಬ್ ಹೊತ್ತಿದ ಕ್ಷಣಕ್ಕೆ ಮುಗಿಯುತ್ತದೆ, ಆಮೇಲೆ ತೆಗೆದರೂ ಬೆಳಕು ಹೋಗುವುದಿಲ್ಲ. ಹಾಗೆ ತೆಗೆದಿಟ್ಟರೆ ಕರೆಂಟ್ ಉಳಿಯುತ್ತದೆ ಎನ್ನುವವರೂ ಇದ್ದಾರೆ. ಉರಿಯುತ್ತಿರುವ ಟ್ಯೂಬಿನಲ್ಲಿ ಸ್ಟಾರ್ಟರ್ ಸುಮ್ಮನೆ ಕೂತಿರುತ್ತದೆ, ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ.

ನಿಜವಾದ ಉಳಿತಾಯ ಬೇರೆ ಕಡೆ ಇದೆ. 40 ವ್ಯಾಟಿನ ಟ್ಯೂಬಿನ ಜತೆ ತಾಮ್ರದ ಚೋಕು ತಾನೇ 10ರಿಂದ 15 ವ್ಯಾಟನ್ನು ಬಿಸಿಯಾಗಿ ಕಳೆಯುತ್ತದೆ. ಅದರ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಬಂದು, ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಹೆಚ್ಚುಕಡಿಮೆ 55 ಯೂನಿಟ್ ಮಿಗುತ್ತದೆ.

ಆದರೆ ಎಲ್ಲ ಎಲ್‌ಇಡಿ ಟ್ಯೂಬುಗಳೂ ಒಂದೇ ಅಲ್ಲ. ಕೆಲವಕ್ಕೆ ಹಳೆಯ ಚೋಕು ಇದ್ದರೂ ನಡೆಯುತ್ತದೆ, ಸ್ಟಾರ್ಟರಿನ ಜಾಗಕ್ಕೆ ಟ್ಯೂಬಿನ ಜತೆ ಕೊಟ್ಟ ಬದಲಿ ಸ್ಟಾರ್ಟರ್ ಹಾಕಬೇಕು. ಕೆಲವಕ್ಕೆ ಫೇಸ್ ಒಂದು ತುದಿಗೆ, ನ್ಯೂಟ್ರಲ್ ಇನ್ನೊಂದು ತುದಿಗೆ. ಮತ್ತೆ ಕೆಲವಕ್ಕೆ ಎರಡೂ ಒಂದೇ ತುದಿಗೆ. ಟ್ಯೂಬಿನ ಮೇಲೆ ಅಚ್ಚಾದ ಚಿತ್ರ ನೋಡದೆ ವೈರ್ ಕೊಟ್ಟರೆ ಫ್ಯೂಸ್ ಹಾರುವುದು ಅಗ್ಗದ ಶಿಕ್ಷೆ. ಎರಡು ತುದಿಯ ಟ್ಯೂಬಿನಲ್ಲಿ ಇನ್ನೊಂದು ತೊಡಕಿದೆ. ಸಪ್ಲೈ ಇರುವಾಗ ಒಂದು ತುದಿಯನ್ನು ಸಿಕ್ಕಿಸಿದರೆ, ಕೈಯಲ್ಲಿರುವ ಮತ್ತೊಂದು ತುದಿಯ ಪಿನ್ನಿಗೂ ಕರೆಂಟ್ ಬರಬಹುದು.

"ಸ್ವಿಚ್ ಆಫ್ ಮಾಡಿದ್ದೀನಲ್ಲ!" ಎಂಬ ಧೈರ್ಯವೂ ನಂಬಿಕೆಯ ಪಟ್ಟಿಗೇ ಸೇರಬೇಕು. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವ ಮನೆಗಳು ಬೇಕಾದಷ್ಟಿವೆ. ಅಂಥಲ್ಲಿ ಸ್ವಿಚ್ ಆರಿಸಿದರೂ ಪಟ್ಟಿಯೊಳಗೆ ಫೇಸ್ ಜೀವಂತ. ರಾತ್ರಿ ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಸುಕಾಗಿ ಮಿನುಗುವುದಕ್ಕೆ ಒಂದು ಕಾರಣ ಇದೇ. ಆದ್ದರಿಂದ ಮೇನ್ ಇಳಿಸಿ, ಟೆಸ್ಟರ್ ಹಚ್ಚಿ, ಆಮೇಲೆ ಸ್ಕ್ರೂ ಬಿಚ್ಚುವುದು. ತಗಡಿನ ಪಟ್ಟಿಗೆ ಅರ್ಥ್ ವೈರ್ ಕೊಡುವುದು. ಚೋಕ್ ತೆಗೆದ ಪಟ್ಟಿಯ ಮೇಲೆ "ಎಲ್‌ಇಡಿ ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆಯುವುದು. ಮುಂದೆ ಯಾರಾದರೂ ಅದಕ್ಕೆ ಹಳೆಯ ಟ್ಯೂಬ್ ಸಿಕ್ಕಿಸಿದರೆ ಕಡಿವಾಣ ಹಾಕಲು ಅಲ್ಲಿ ಚೋಕ್ ಇರುವುದಿಲ್ಲ.

ಈಗ ಕಾರ್ಯಾಗಾರಕ್ಕೇ ವಿಶೇಷವಾದ ಸಂಗತಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ತಾಮ್ರದ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಅದು ಕಾಣಿಸುವುದಿಲ್ಲ, ತಿರುಗುವ ಯಂತ್ರ ಮಾತ್ರ ಅದನ್ನು ಬಯಲು ಮಾಡುತ್ತದೆ. ನಾಲ್ಕು ದವಡೆಯ ಲೇತ್ ಚಕ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಪ್ರತಿ ಮಿನುಗಿಗೂ ಸರಿಯಾಗಿ ಕಾಲು ಸುತ್ತು ಮುಗಿಸಿ ನಿಂತಂತೆಯೇ ತೋರುತ್ತದೆ. ಅನೇಕ ಮೋಟಾರುಗಳ ಮೇಲೆ ಬರೆದಿರುವ 1440ರ ವೇಗದಲ್ಲಾದರೆ ಅದೇ ಚಕ್ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ನಿಂತಿದೆ ಎಂದು ಕೈಹಾಕಿದರೆ ಬೆರಳು ಹೋದೀತು. ಕಾರ್ಖಾನೆಗಳು ಸಾಲು ಸಾಲು ದೀಪಗಳನ್ನು ಮೂರು ಫೇಸುಗಳಿಗೆ ಹಂಚುತ್ತಿದ್ದುದರ ಹಿಂದೆ ಈ ಲೆಕ್ಕವೂ ಇತ್ತು.

ಎಲ್‌ಇಡಿ ಮಿನುಗುವುದಿಲ್ಲ, ಈ ತಾಪತ್ರಯ ಅದಕ್ಕಿಲ್ಲ ಎನ್ನುವುದು ಹೊಸ ಕಾಲದ ನಂಬಿಕೆ. ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಸರ್ಕ್ಯೂಟ್, ಅಂದರೆ ಡ್ರೈವರ್, ಚೆನ್ನಾಗಿದ್ದರೆ ನಿಜ. ಅಗ್ಗದ ಡ್ರೈವರ್ ಇದ್ದರೆ ಎಲ್‌ಇಡಿ ಹಳೆಯ ಟ್ಯೂಬಿಗಿಂತಲೂ ಹೆಚ್ಚು ಮಿನುಗಬಹುದು. ಟ್ಯೂಬಿನ ಒಳಲೇಪ ಬೆಳಕನ್ನು ಒಂದಿಷ್ಟು ಹಿಡಿದಿಡುತ್ತದೆ, ಎಲ್‌ಇಡಿ ತಕ್ಷಣ ಆರುತ್ತದೆ. ಪರೀಕ್ಷೆ ಸುಲಭ. ದೀಪದ ಕೆಳಗೆ ಪೆನ್ಸಿಲನ್ನು ವೇಗವಾಗಿ ಬೀಸಿ ನೋಡಿ. ಮಸುಕಾದ ಬೀಸಣಿಗೆಯಂತೆ ಕಂಡರೆ ಒಳ್ಳೆಯದು, ಬಿಡಿಬಿಡಿ ಪೆನ್ಸಿಲುಗಳು ಕಂಡರೆ ಅದು ಗ್ರೈಂಡರಿನ ಹತ್ತಿರ ಬೇಡ.

ವ್ಯಾಟ್ ಹೆಚ್ಚಿದ್ದರೆ ಬೆಳಕು ಹೆಚ್ಚು ಎಂಬ ಲೆಕ್ಕ ಬಲ್ಬಿನ ಕಾಲದ್ದು. ಡಬ್ಬಿಯ ಮೇಲೆ ನೋಡಬೇಕಾದದ್ದು ಲುಮೆನ್. ಅದಕ್ಕಿಂತ ಮುಖ್ಯ, ದೀಪ ಎಲ್ಲಿದೆ ಎಂಬುದು. ಬೆನ್ನ ಹಿಂದೆ ಇದ್ದರೆ ಎಷ್ಟೇ ಪ್ರಖರವಾಗಿದ್ದರೂ ನೆರಳು ಬೀಳುವುದು ಗುರುತು ಹಾಕುವ ಜಾಗದ ಮೇಲೆಯೇ. ಹತ್ತಡಿ ಎತ್ತರದ ಸೂರಿನಿಂದ ಪಟ್ಟಿಯನ್ನು ಸರಪಳಿಯಲ್ಲಿ ಏಳಡಿಗೆ ಇಳಿಸಿ ಮೇಜಿನ ಮೇಲೆ ತಂದರೆ, ಬೇರೆ ದೀಪ ಕೊಳ್ಳದೆಯೇ ಕೆಲಸಕ್ಕೆ ನೇರವಾಗಿ ಬೀಳುವ ಬೆಳಕು ಒಂದೂವರೆ ಪಟ್ಟು ದಾಟುತ್ತದೆ. ಬಣ್ಣ ಹಚ್ಚುವವರು ಇನ್ನೊಂದು ಅಂಕಿಯನ್ನೂ ನೋಡಬೇಕು. ಚನ್ನಪಟ್ಟಣದ ಲೇತುಗಳಲ್ಲಿ ತಿರುಗುವ ಹಾಲೆ ಮರಕ್ಕೆ ಅರಗಿನ ಬಣ್ಣ ಒತ್ತುವ ಕೈಗಳಿಗೆ ಬೆಳ್ಳಗಿನ ಬೆಳಕು ಸಾಲದು, ಕೆಂಪು ಕೆಂಪಾಗಿಯೇ ಕಾಣಬೇಕು. ಡಬ್ಬಿಯ ಮೇಲಿನ ಸಿಆರ್‌ಐ 80ರ ಮೇಲಿದ್ದರೆ ಪರವಾಗಿಲ್ಲ, 90 ಆದರೆ ಉತ್ತಮ.

ಕೊನೆಗೆ, ಕಿತ್ತ ಟ್ಯೂಬು. ಒಡೆದರೆ ವಿಷಾನಿಲ ಎಂದು ಓಡುವವರಿದ್ದಾರೆ, ಏನೂ ಆಗುವುದಿಲ್ಲ ಎಂದು ಕಸದ ಗಾಡಿಗೆ ಎಸೆಯುವವರೂ ಇದ್ದಾರೆ. ಒಳಗಿರುವುದು ಕೆಲವೇ ಮಿಲಿಗ್ರಾಂ ಪಾದರಸ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಪೊರಕೆ ಬೀಸದೆ ಒದ್ದೆ ಬಟ್ಟೆ ಅಥವಾ ಕಾಗದದಲ್ಲಿ ಚೂರುಗಳನ್ನು ಎತ್ತಬೇಕು. ಒಡೆಯದ ಟ್ಯೂಬನ್ನು ಇ-ತ್ಯಾಜ್ಯಕ್ಕೆ ಕೊಡಬೇಕು. "ಹಳೆಯದೇ ಗಟ್ಟಿ" ಎಂದು ಟ್ಯೂಬುಗಳನ್ನು ಕೂಡಿಡುವವರಿಗೆ ಇನ್ನೊಂದು ಸುದ್ದಿ: ಭಾರತವೂ ಸೇರಿರುವ ಮಿನಮಾಟಾ ಪಾದರಸ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಈ ಟ್ಯೂಬುಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ನಿಲ್ಲಿಸಲು ತೀರ್ಮಾನಿಸಿವೆ.